ಕಂಪ್ಯೂಟರಿನಲ್ಲಿ 40 ಮೂಟೆ, ಗೋದಾಮಿನಲ್ಲಿ 37: ದಾಸ್ತಾನಿನ ಲೆಕ್ಕ ಸರಿಪಡಿಸುವ ಕ್ರಮ

ಕಾಸರಗೋಡು, ಕುಂಬಳೆ, ಬದಿಯಡ್ಕ, ಉಪ್ಪಳದಂತಹ ಪೇಟೆಗಳಲ್ಲಿ ದಿನಸಿ, ಹಾರ್ಡ್‌ವೇರ್, ಗೊಬ್ಬರ ಅಥವಾ ಅಡಿಕೆ–ಕರಿಮೆಣಸಿನ ವ್ಯಾಪಾರ ನಡೆಸುವ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ: ಲೆಕ್ಕದಲ್ಲಿರುವಷ್ಟು ಸರಕು ಗೋದಾಮಿನಲ್ಲಿ ಇಲ್ಲದಿದ್ದರೆ, ಅಥವಾ ಲೆಕ್ಕಕ್ಕಿಂತ ಹೆಚ್ಚಿದ್ದರೆ, ಏನು ಮಾಡಬೇಕು? ಹೆಚ್ಚಿನವರು ಕಂಪ್ಯೂಟರಿನ 40ನ್ನು 37 ಎಂದು ತಿದ್ದಿ ಮುಂದೆ ಹೋಗುತ್ತಾರೆ. ಕೆಲವರು ಹೊಸ ತಂತ್ರಾಂಶ ಕೊಳ್ಳುತ್ತಾರೆ. ಈ ಎರಡರಿಂದಲೂ ವ್ಯತ್ಯಾಸ ಹುಟ್ಟಿದ ಜಾಗ ಗೊತ್ತಾಗುವುದಿಲ್ಲವಾದ್ದರಿಂದ ಮುಂದಿನ ತಿಂಗಳು ಅದೇ ಕೊರತೆ ಮರಳಿ ಬರುತ್ತದೆ. ಎಣಿಕೆಯನ್ನು ತಪ್ಪಿನ ಮೂಲ ಹುಡುಕುವ ಸಾಧನವಾಗಿ ಬಳಸಿದಾಗ ಮಾತ್ರ ಪುಸ್ತಕವೂ ಗೋದಾಮೂ ಒಂದಾಗುತ್ತವೆ. ಕೆಳಗಿನ ಹಂತಗಳು ಒಂದು ಅಂಗಡಿ, ಒಂದೆರಡು ಗೋದಾಮು ಮತ್ತು ನಾಲ್ಕೈದು ಮಂದಿ ಕೆಲಸಗಾರರಿರುವ ವ್ಯಾಪಾರವನ್ನು ಗಮನದಲ್ಲಿಟ್ಟುಕೊಂಡು ಬರೆದವು.

ಆರಂಭಿಸಲು ಬೇಕಾದದ್ದು ಹೆಚ್ಚೇನಿಲ್ಲ. ಕ್ರಮಸಂಖ್ಯೆ ಮುದ್ರಿಸಿರುವ, ಕಾರ್ಬನ್ ಪ್ರತಿ ಉಳಿಯುವ ಎರಡು ಚೀಟಿ ಪುಸ್ತಕಗಳು (ಒಳಬರುವ ಸರಕಿಗೆ ಒಂದು, ಹೊರಹೋಗುವುದಕ್ಕೆ ಇನ್ನೊಂದು), ಗೋದಾಮಿನಲ್ಲಿ ಅಂಟಿಸಲು ದಪ್ಪ ಕಾಗದ, ಒಂದು ಮಾರ್ಕರ್ ಪೆನ್ನು ಮತ್ತು ನಂಬಿಕೆಗೆ ಅರ್ಹವಾದ ತಕ್ಕಡಿ ಇದ್ದರೆ ಸಾಕು. ವಿದ್ಯುನ್ಮಾನ ತಕ್ಕಡಿಗೆ 12 ತಿಂಗಳಿಗೊಮ್ಮೆ ಲೀಗಲ್ ಮೆಟ್ರಾಲಜಿ (ತೂಕ ಮತ್ತು ಅಳತೆ) ಇಲಾಖೆಯಿಂದ ತಪಾಸಣೆ ಮಾಡಿಸಿ ಮುದ್ರೆ ಹಾಕಿಸುವುದು ಕಡ್ಡಾಯ. ಆದರೆ ಮುದ್ರೆ ಇದೆ ಎಂಬ ಕಾರಣಕ್ಕೆ ಸುಮ್ಮನಿರಬೇಡಿ. ಪ್ರತಿದಿನ ಬೆಳಿಗ್ಗೆ ತೂಕ ಖಚಿತವಾಗಿರುವ 20 ಕಿಲೋ ಕಲ್ಲನ್ನು ತಕ್ಕಡಿಯ ಮೇಲಿಟ್ಟು ನೋಡಿ.

ಹಂತ 1: ಒಂದು ಸರಕಿಗೆ ಒಂದೇ ಹೆಸರು, ಒಂದೇ ಅಳತೆ

ನಮ್ಮ ಕಡೆಯ ಅಂಗಡಿಗಳಲ್ಲಿ ದಾಸ್ತಾನು ತಪ್ಪಲು ಮೊದಲ ಕಾರಣ ಕಳ್ಳತನವೆಂದು ನಾನು ಒಪ್ಪುವುದಿಲ್ಲ. ಒಂದೇ ಸರಕು ಎರಡು ಹೆಸರಿನಲ್ಲಿ ನಮೂದಾಗಿರುವುದು ಅದಕ್ಕಿಂತ ಸಾಮಾನ್ಯ. ಮಂಗಳೂರಿನಿಂದ ಬಂದ ಬಿಲ್ಲಿನಲ್ಲಿ ‘ಕುಚ್ಚಲಕ್ಕಿ’ ಎಂದಿರುತ್ತದೆ, ಕೌಂಟರಿನಲ್ಲಿ ಕುಳಿತ ಹುಡುಗ ಅದರ ಮಲಯಾಳ ಹೆಸರಾದ ‘ಪುಳುಕ್ಕಲರಿ’ ಎಂದು ಹುಡುಕಿ, ಸಿಗದೆ, ಹೊಸ ಐಟಂ ಒಂದನ್ನು ಸೃಷ್ಟಿಸಿ ಮಾರಾಟ ನಮೂದಿಸುತ್ತಾನೆ. ಒಂದರಲ್ಲಿ ಸರಕು ಕರಗುವುದೇ ಇಲ್ಲ, ಇನ್ನೊಂದರಲ್ಲಿ ದಾಸ್ತಾನು ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಆದ್ದರಿಂದ ನಿಮ್ಮ ಸರಕುಗಳ ಪೂರ್ಣ ಪಟ್ಟಿಯನ್ನು ಮುದ್ರಿಸಿ, ಪ್ರತಿಯೊಂದಕ್ಕೂ ಒಂದು ಸಂಕೇತ ಸಂಖ್ಯೆ ಕೊಡಿ. ಕನ್ನಡ, ಮಲಯಾಳ, ಇಂಗ್ಲಿಷ್ ಹೆಸರುಗಳನ್ನೆಲ್ಲ ಅದೇ ಸಂಕೇತದ ಅಡಿಯಲ್ಲಿ ಪರ್ಯಾಯ ನಾಮಗಳಾಗಿ ಸೇರಿಸಿ. ಹೊಸ ಐಟಂ ಸೃಷ್ಟಿಸುವ ಅಧಿಕಾರ ಒಬ್ಬರ ಬಳಿ ಮಾತ್ರ ಇರಲಿ.

ಹೆಸರಿನ ನಂತರ ಅಳತೆ. ‘ಮೂಟೆ’ ಎಂಬುದು ಅಳತೆಯೇ ಅಲ್ಲ. ಯೂರಿಯಾದ ಮೂಟೆ 45 ಕಿಲೋ, ಪೊಟ್ಯಾಷ್ ಮತ್ತು ಡಿಎಪಿಯ ಮೂಟೆ 50 ಕಿಲೋ. ಗೊಬ್ಬರದ ಅಂಗಡಿಯಲ್ಲಿ ಎಲ್ಲವನ್ನೂ 50ರಿಂದ ಗುಣಿಸಿದರೆ ಪ್ರತಿ ಯೂರಿಯಾ ಮೂಟೆಗೆ 5 ಕಿಲೋ ಪುಸ್ತಕದಲ್ಲಿ ಮಾತ್ರ ಹುಟ್ಟಿಕೊಳ್ಳುತ್ತದೆ. ತೆಂಗಿನೆಣ್ಣೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದು ಲೀಟರ್ ತೆಂಗಿನೆಣ್ಣೆ ಸುಮಾರು 910ರಿಂದ 920 ಗ್ರಾಂ ತೂಗುತ್ತದೆ. ಹಾಗಾಗಿ 15 ಕಿಲೋದ ಡಬ್ಬಿಯಲ್ಲಿ 16 ಲೀಟರಿಗಿಂತ ಹೆಚ್ಚು ಎಣ್ಣೆ ಇರುತ್ತದೆ, 15 ಲೀಟರಿನ ಡಬ್ಬಿಯಲ್ಲಿ 14 ಕಿಲೋ ಕೂಡ ಇರುವುದಿಲ್ಲ. ಕಿಲೋದಲ್ಲಿ ಕೊಂಡು ಲೀಟರಿನಲ್ಲಿ ಮಾರುವವರು ಈ ಪರಿವರ್ತನೆಯನ್ನು ಮೊದಲೇ ನಿಗದಿಪಡಿಸದಿದ್ದರೆ ಎಣ್ಣೆಯ ಲೆಕ್ಕ ಎಂದಿಗೂ ಕೂಡಿ ಬರುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯವರಿಗೆ ಇದೇ ತೊಡಕು ಕಬ್ಬಿಣದ ಸರಳಿನಲ್ಲಿ ಬರುತ್ತದೆ. ಖರೀದಿ ಟನ್ನಿನಲ್ಲಿ, ಮಾರಾಟ ಸರಳಿನ ಲೆಕ್ಕದಲ್ಲಿ. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. ಅದರಂತೆ 12 ಮಿಲಿಮೀಟರ್ ವ್ಯಾಸದ, 12 ಮೀಟರ್ ಉದ್ದದ ಸರಳು ಸುಮಾರು 10.67 ಕಿಲೋ. ಕಾರ್ಖಾನೆಯ ಸರಳು ಇದಕ್ಕಿಂತ ತುಸು ಹೆಚ್ಚು ಕಡಿಮೆ ತೂಗಬಹುದಾದ ಕಾರಣ, ಪ್ರತಿ ಲೋಡಿನಲ್ಲೂ ತೂಕ ಮತ್ತು ಸರಳಿನ ಸಂಖ್ಯೆ ಎರಡನ್ನೂ ಬರೆದುಕೊಂಡು, ದಾಸ್ತಾನನ್ನು ಸರಳಿನ ಸಂಖ್ಯೆಯಲ್ಲೇ ಇಡುವುದು ಉತ್ತಮ.

ಎಚ್ಚರಿಕೆ: ಹಳೆಯ ಎರಡು ಐಟಂಗಳನ್ನು ಒಂದಾಗಿಸುವಾಗ ಒಂದನ್ನು ಸುಮ್ಮನೆ ಅಳಿಸಬೇಡಿ. ಅದರ ಬಾಕಿಯನ್ನು ದಾಸ್ತಾನು ವರ್ಗಾವಣೆಯ ನಮೂದಿನ ಮೂಲಕ ಇನ್ನೊಂದಕ್ಕೆ ಸೇರಿಸಿದ ನಂತರವೇ ನಿಷ್ಕ್ರಿಯಗೊಳಿಸಿ.

ಹಂತ 2: ಗೋದಾಮಿನ ಪ್ರತಿ ಜಾಗಕ್ಕೂ ಗುರುತು

ಗೋಡೆಗಳಿಗೆ ಅ, ಆ, ಇ ಎಂದೂ ಸಾಲುಗಳಿಗೆ 1, 2, 3 ಎಂದೂ ಬರೆದರೆ ಸಾಕು. ‘ಆ–3’ರಲ್ಲಿ ಸಕ್ಕರೆ ಎಂದರೆ ಸಕ್ಕರೆ ಅಲ್ಲಿ ಮಾತ್ರ. ಒಂದೇ ಸರಕು ಎರಡು ಜಾಗದಲ್ಲಿ ಇರಲೇಬೇಕಾದರೆ ಎರಡೂ ಕಡೆ ಬಿನ್ ಕಾರ್ಡ್ ತೂಗುಹಾಕಿ. ಬಿನ್ ಕಾರ್ಡ್ ಎಂದರೆ ಆ ಜಾಗದಲ್ಲಿ ಬಂದದ್ದು, ಹೋದದ್ದು, ಉಳಿದದ್ದು ಬರೆಯುವ ಚೀಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ ನೆಲಕ್ಕೂ ಗೋಡೆಗೂ ತಾಗಿಸಿಟ್ಟ ಮೂಟೆ ಉಳಿಯುವುದಿಲ್ಲ. ಮರದ ಹಲಗೆಯ ಮೇಲೆ, ಗೋಡೆಯಿಂದ ಒಬ್ಬರು ನಡೆದುಹೋಗುವಷ್ಟು ದೂರದಲ್ಲಿ ಅಟ್ಟಿ ಹಾಕಿ. ಆ ಓಣಿಯಿಂದಾಗಿ ಎಣಿಸುವವರಿಗೆ ಹಿಂದಿನ ಸಾಲೂ ಕಾಣುತ್ತದೆ.

ಹಂತ 3: ಒಳಬರುವ ಸರಕು

ಲಾರಿ ರಾಜ್ಯದ ಗಡಿಯಾದ ತಲಪಾಡಿ ದಾಟಿ ಬಂದು ಅಂಗಡಿಯೆದುರು ನಿಂತಾಗ ಚಾಲಕನಿಗೂ ಅವಸರ, ಲೋಡಿಂಗ್ ಕಾರ್ಮಿಕರಿಗೂ ಅವಸರ, ಹಿಂದೆ ನಿಂತ ಬಸ್ಸಿನವನಿಗೆ ಎಲ್ಲರಿಗಿಂತ ಹೆಚ್ಚು ಅವಸರ. ಬಿಲ್ಲಿನಲ್ಲಿರುವ ಸಂಖ್ಯೆಯನ್ನೇ ಸ್ವೀಕೃತಿಯೆಂದು ಬರೆದು ಸಹಿ ಹಾಕುವ ತಪ್ಪು ನಡೆಯುವುದು ಇಂಥ ಹೊತ್ತಿನಲ್ಲೇ. ಇದನ್ನು ತಡೆಯಲು ಕುರುಡು ಎಣಿಕೆಯ ಕ್ರಮವನ್ನು ರೂಢಿಸಿಕೊಳ್ಳಿ: ಇಳಿಸಿಕೊಳ್ಳುವವರ ಕೈಗೆ ಬಿಲ್ಲು ಕೊಡದೆ, ಸರಕಿನ ಹೆಸರಷ್ಟೇ ಇರುವ ಸ್ವೀಕೃತಿ ಚೀಟಿ ಕೊಡಬೇಕು, ಅವರು ಎಣಿಸಿ ಬರೆದ ಸಂಖ್ಯೆಯನ್ನು ಬಿಲ್ಲಿನೊಂದಿಗೆ ಇನ್ನೊಬ್ಬರು ಹೋಲಿಸಬೇಕು. ಬಿಲ್ಲನ್ನು ಮೊದಲೇ ನೋಡಿದವರ ಕಣ್ಣು ಅದೇ ಸಂಖ್ಯೆಯನ್ನು ಹುಡುಕುತ್ತದೆ.

ಸ್ವೀಕೃತಿ ಚೀಟಿಯಲ್ಲಿ ದಿನಾಂಕ, ಪೂರೈಕೆದಾರರ ಬಿಲ್ ಸಂಖ್ಯೆ, ವಾಹನದ ಸಂಖ್ಯೆ, ಎಣಿಸಿದ ಪ್ರಮಾಣ, ಹರಿದ ಅಥವಾ ನೆನೆದ ಮೂಟೆಗಳ ಸಂಖ್ಯೆ ಇರಲಿ. ಕರ್ನಾಟಕದಿಂದ ಬರುವ ಸರಕು ಅಂತರರಾಜ್ಯ ಸಾಗಾಟವಾದ್ದರಿಂದ, ವಿನಾಯಿತಿ ಪಡೆದ ಸರಕುಗಳನ್ನು ಬಿಟ್ಟು, 50,000 ರೂಪಾಯಿ ಮೀರಿದ ಲೋಡಿಗೆ ಇ–ವೇ ಬಿಲ್ (ಜಿಎಸ್‌ಟಿಯಡಿ ಸರಕು ಸಾಗಾಟಕ್ಕೆ ಬೇಕಾದ ವಿದ್ಯುನ್ಮಾನ ದಾಖಲೆ) ಇರಬೇಕು. ಅದರ ಸಂಖ್ಯೆಯನ್ನೂ ಇದೇ ಚೀಟಿಯಲ್ಲಿ ಬರೆದಿಟ್ಟರೆ ಮುಂದೆ ಹುಡುಕಾಟ ತಪ್ಪುತ್ತದೆ. ಕೊರತೆ ಕಂಡರೆ ಚಾಲಕನ ಸಹಿಯೊಂದಿಗೆ ಬಿಲ್ಲಿನ ಪ್ರತಿಯ ಮೇಲೆಯೇ ಬರೆಸಿ, ಅದೇ ದಿನ ಪೂರೈಕೆದಾರರಿಗೆ ತಿಳಿಸಿ. ಮರುದಿನದ ದೂರಿಗೆ ಬೆಲೆಯಿಲ್ಲ.

ಎಚ್ಚರಿಕೆ: ನಿಮ್ಮ ಗೋದಾಮಿನಲ್ಲಿರುವುದೆಲ್ಲ ನಿಮ್ಮದಲ್ಲ. ಕೃಷಿಕರು ದರ ನಿಗದಿ ಮಾಡದೆ ಇಟ್ಟುಹೋದ ಅಡಿಕೆ, ಕಂಪನಿಗೆ ಮರಳಿಸಬೇಕಾದ ಹಣ್ಣಿನ ಟ್ರೇಗಳು, ರಿಪೇರಿಗೆ ಬಂದ ಪಂಪುಗಳು – ಇವಕ್ಕೆ ಪ್ರತ್ಯೇಕ ಜಾಗ ಮತ್ತು ಪ್ರತ್ಯೇಕ ಪುಸ್ತಕ ಬೇಕು. ದರ ನಿಗದಿಯಾದ ದಿನವೇ ಅಡಿಕೆಯನ್ನು ಖರೀದಿ ಲೆಕ್ಕಕ್ಕೆ ತಂದು, ಅಂದು ಮತ್ತೊಮ್ಮೆ ತೂಗಿ.

ಹಂತ 4: ಹೊರಹೋಗುವ ಸರಕು

ನಿಯಮ ಒಂದೇ: ಚೀಟಿ ಇಲ್ಲದೆ ಯಾವುದೂ ಗೋದಾಮಿನ ಬಾಗಿಲು ದಾಟಬಾರದು. ಮಾರಾಟದ ಬಿಲ್ಲು, ಗೋದಾಮಿನಿಂದ ಅಂಗಡಿಗೆ ವರ್ಗಾವಣೆ, ಪೂರೈಕೆದಾರರಿಗೆ ವಾಪಸು, ಮಾದರಿ, ಹಾಳಾದದ್ದು – ಎಲ್ಲಕ್ಕೂ ಚೀಟಿ. ಇದರಲ್ಲಿ ಯಜಮಾನರು ಬೇಸರ ಮಾಡಿಕೊಳ್ಳುವ ಒಂದು ವಿಭಾಗವಿದೆ. ಮನೆಗೆ ಒಯ್ಯುವ ಬೆಲ್ಲ, ಎಣ್ಣೆ, ದೇವಸ್ಥಾನದ ಜಾತ್ರೆಗೆ ಹೊರೆಕಾಣಿಕೆಯಾಗಿ ಕಳುಹಿಸುವ ಅಕ್ಕಿ, ನೆಂಟರ ಮನೆಯ ಮದುವೆಗೆಂದು ಕೊಟ್ಟ ಸಕ್ಕರೆ ಇವು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಯಜಮಾನರೇ ಚೀಟಿ ಬರೆಯದಿದ್ದರೆ ಕೆಲಸದವರು ಬರೆಯುತ್ತಾರೆಂದು ನಿರೀಕ್ಷಿಸುವುದು ಅನ್ಯಾಯ. ಕೊರತೆ ಬಂದ ದಿನ ಅವರನ್ನು ಸಂಶಯಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ. ‘ಸ್ವಂತ ಬಳಕೆ’ ಎಂಬ ಶೀರ್ಷಿಕೆಯಲ್ಲಿ ಒಂದು ಸಾಲು ಬರೆದರೆ ಮುಗಿಯಿತು.

ಕೌಂಟರಿನ ಕಡೆ ನೋಡಬೇಕಾದದ್ದು ಬಾರ್‌ಕೋಡ್ ಓದಿಸುವ ರೀತಿ. ಗ್ರಾಹಕರು ಆರು ಬಗೆಯ ಬಿಸ್ಕತ್ತು ತಂದಿಟ್ಟಾಗ, ಬೆಲೆ ಒಂದೇ ಎಂಬ ಕಾರಣಕ್ಕೆ ಒಂದನ್ನೇ ಓದಿಸಿ ಆರರಿಂದ ಗುಣಿಸುವುದು ಎಲ್ಲ ಕಡೆ ನಡೆಯುತ್ತದೆ. ಹಣದ ಲೆಕ್ಕ ಸರಿ ಬರುತ್ತದೆ. ಕಂಪ್ಯೂಟರಿನ ದಾಸ್ತಾನಿನಲ್ಲಿ ಮಾತ್ರ ಒಂದು ಬಗೆ ಐದು ಕಡಿಮೆ, ಉಳಿದ ಐದು ಬಗೆ ಒಂದೊಂದು ಹೆಚ್ಚು. ಅದೇ ಬಾರ್‌ಕೋಡ್ ಇರುವ ಹಳೆ ಎಂಆರ್‌ಪಿ ಮತ್ತು ಹೊಸ ಎಂಆರ್‌ಪಿ ಪೊಟ್ಟಣಗಳೂ ಹೀಗೆಯೇ ಬೆರೆಯುತ್ತವೆ. ಹೊಸ ದರದ ಸರಕನ್ನು ತಂತ್ರಾಂಶದಲ್ಲಿ ಪ್ರತ್ಯೇಕ ಬ್ಯಾಚ್ ಆಗಿ ನಮೂದಿಸಿ, ಹಳೆಯದು ಖಾಲಿಯಾಗುವವರೆಗೆ ಹೊಸದನ್ನು ಕಪಾಟಿಗೆ ತರಬೇಡಿ.

ಯಾವುದು ಮೊದಲು ಹೋಗಬೇಕು ಎಂಬುದಕ್ಕೂ ಕ್ರಮ ಬೇಕು. ಮೊದಲು ಬಂದದ್ದು ಮೊದಲು ಹೋಗಲಿ ಎಂಬುದು ಸಾಮಾನ್ಯ ಕ್ರಮ. ಔಷಧಿ, ಮಕ್ಕಳ ಆಹಾರ, ಕೀಟನಾಶಕಗಳಲ್ಲಿ ಅದು ಸಾಲದು, ಅವಧಿ ಮೊದಲು ಮುಗಿಯುವುದು ಮೊದಲು ಹೋಗಬೇಕು. ನಿನ್ನೆ ಬಂದ ಪೆಟ್ಟಿಗೆಯ ಅವಧಿಯೇ ಕಳೆದ ತಿಂಗಳು ಬಂದದ್ದಕ್ಕಿಂತ ಮೊದಲು ಮುಗಿಯುವುದುಂಟು.

ಸಬ್ಸಿಡಿ ಗೊಬ್ಬರ ಮಾರುವವರಿಗೆ ಇನ್ನೊಂದು ಮಾತು. ನಿಮಗೆ ಲೆಕ್ಕಗಳು ಎರಡಲ್ಲ, ಮೂರು: ಗೋದಾಮು, ನಿಮ್ಮ ಪುಸ್ತಕ ಮತ್ತು ಪ್ರತಿ ಮಾರಾಟವನ್ನು ನಮೂದಿಸಬೇಕಾದ ಪಿಒಎಸ್ ಯಂತ್ರ. ನೂಕುನುಗ್ಗಲಿನ ದಿನ ಮೊದಲು ಮೂಟೆ ಕೊಟ್ಟು, ಸಂಜೆ ಯಂತ್ರದಲ್ಲಿ ನಮೂದಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ತಪಾಸಣೆಗೆ ಬಂದವರು ಮೊದಲು ಹೋಲಿಸುವುದು ಯಂತ್ರದ ದಾಸ್ತಾನನ್ನೂ ಎದುರಿಗಿರುವ ಅಟ್ಟಿಯನ್ನೂ.

ಹಂತ 5: ಮೊದಲ ಪೂರ್ಣ ಎಣಿಕೆ

ಮೇಲಿನ ನಾಲ್ಕು ಹಂತಗಳು ಕನಿಷ್ಠ ಎರಡು ವಾರ ನಡೆದ ನಂತರವೇ ಪೂರ್ಣ ಎಣಿಕೆ ಮಾಡಿ. ಅವಸರಪಟ್ಟು ಮೊದಲೇ ಎಣಿಸಿದರೆ ಸರಿಪಡಿಸಿದ ಸಂಖ್ಯೆ ವಾರದೊಳಗೆ ಮತ್ತೆ ಕೆಡುತ್ತದೆ. ಓಣಂ, ದೀಪಾವಳಿ, ರಂಜಾನ್ ಅಥವಾ ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ಸರಕು ತುಂಬಿಕೊಂಡಿರುವಾಗ ಬೇಡ. ದಾಸ್ತಾನು ಕಡಿಮೆ ಇರುವ ದಿನ ಆರಿಸಿ.

ಎಣಿಕೆಗೆ ಒಂದು ಗಡಿಗಂಟೆ ನಿಗದಿಯಾಗಬೇಕು, ಉದಾಹರಣೆಗೆ ಶನಿವಾರ ರಾತ್ರಿ 8. ಅದಕ್ಕಿಂತ ಮೊದಲಿನ ಎಲ್ಲ ಬಿಲ್ಲುಗಳೂ ಚೀಟಿಗಳೂ ನಮೂದಾಗಿರಬೇಕು, ಆಮೇಲಿನದು ಒಂದೂ ನಮೂದಾಗಿರಬಾರದು. ಮಾರಾಟವಾಗಿದ್ದರೂ ಗ್ರಾಹಕರು ಒಯ್ಯದೆ ಬಿಟ್ಟ ಸರಕಿಗೆ ಕೆಂಪು ಚೀಟಿ ಅಂಟಿಸಿ ಬೇರೆ ಇಡಿ. ಇಬ್ಬರ ಜೋಡಿ ಮಾಡಿ: ಒಬ್ಬರು ಎಣಿಸಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು, ಕಂಪ್ಯೂಟರಿನ ಸಂಖ್ಯೆ ಇಬ್ಬರಿಗೂ ಗೊತ್ತಿರಬಾರದು. ಎಣಿಸಿದ ಅಟ್ಟಿಗೆ ಕೂಡಲೇ ಗುರುತು ಹಾಕಿ. ವ್ಯತ್ಯಾಸ ಬಂದದ್ದನ್ನು ಬೇರೆ ಜೋಡಿ ಮತ್ತೊಮ್ಮೆ ಎಣಿಸಿದ ಬಳಿಕವೇ ತಿದ್ದುಪಡಿ. ಬಾಯಿ ತೆರೆದ ಪೆಟ್ಟಿಗೆಗಳನ್ನು ಹೊರಗಿನ ಮುದ್ರಿತ ಸಂಖ್ಯೆ ನೋಡಿ ಬರೆಯುವುದು, ಹಿಂದಿನ ಸಾಲಿನ ನಡುವೆ ಟೊಳ್ಳಿರುವುದನ್ನು ಗಮನಿಸದಿರುವುದು ಇಲ್ಲಿನ ಸಾಮಾನ್ಯ ತಪ್ಪುಗಳು.

ಹಂತ 6: ಸರದಿ ಎಣಿಕೆ

ಒಮ್ಮೆ ಸರಿಯಾದ ಮೇಲೆ ಮುಂದಿನ ಮಾರ್ಚ್ 31ರವರೆಗೆ ಕಾಯಬೇಡಿ. ಪ್ರತಿದಿನ ಕೆಲವೇ ಸರಕುಗಳನ್ನು ಎಣಿಸುತ್ತಾ ವರ್ಷದಲ್ಲಿ ಎಲ್ಲವನ್ನೂ ಮುಗಿಸುವ ಪದ್ಧತಿಗೆ ಸರದಿ ಎಣಿಕೆ ಎನ್ನಬಹುದು. ಯಾವುದನ್ನು ಎಷ್ಟು ಸಲ ಎಂಬುದನ್ನು ನಿರ್ಧರಿಸಲು ಎಬಿಸಿ ವಿಂಗಡಣೆ ನೆರವಾಗುತ್ತದೆ: ಪ್ರತಿ ಸರಕಿನ ವಾರ್ಷಿಕ ಮಾರಾಟದ ಪ್ರಮಾಣವನ್ನು ಖರೀದಿ ದರದಿಂದ ಗುಣಿಸಿ, ಬಂದ ಮೊತ್ತವನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸಿ ಬರೆದು, ಮೇಲಿನ ಗುಂಪನ್ನು ‘ಎ’, ನಡುವಿನದನ್ನು ‘ಬಿ’, ಉಳಿದದ್ದನ್ನು ‘ಸಿ’ ಎಂದು ಕರೆಯುತ್ತಾರೆ. ಸಾಮಾನ್ಯವಾಗಿ ಸಂಖ್ಯೆಯಲ್ಲಿ ಕಡಿಮೆಯಿರುವ ‘ಎ’ ಗುಂಪಿನಲ್ಲೇ ಹೆಚ್ಚಿನ ಹಣ ತೊಡಗಿರುತ್ತದೆ.

400 ಸರಕುಗಳ ಅಂಗಡಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ‘ಎ’ 60, ‘ಬಿ’ 100, ‘ಸಿ’ 240. ‘ಎ’ಯನ್ನು ತಿಂಗಳಿಗೊಮ್ಮೆ, ‘ಬಿ’ಯನ್ನು ಮೂರು ತಿಂಗಳಿಗೊಮ್ಮೆ, ‘ಸಿ’ಯನ್ನು ಆರು ತಿಂಗಳಿಗೊಮ್ಮೆ ಎಣಿಸುವುದಾದರೆ ತಿಂಗಳಿಗೆ 60, 33 ಮತ್ತು 40, ಒಟ್ಟು 133 ಎಣಿಕೆಗಳು, 25 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ ಐದಾರು ಸರಕು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ, ಮಾರಾಟ ಶುರುವಾಗುವ ಮೊದಲು ಮುಗಿಸಬಹುದಾದ ಕೆಲಸ. ಬೆಲೆ ಕಡಿಮೆಯಿದ್ದರೂ ಜೇಬಿಗೆ ಸುಲಭವಾಗಿ ಸೇರುವ ವಸ್ತುಗಳನ್ನು ‘ಎ’ ಗುಂಪಿಗೆ ಸೇರಿಸುವುದು ಜಾಣತನ.

ಹಂತ 7: ವ್ಯತ್ಯಾಸದ ಕಾರಣ ಹುಡುಕುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತವಿದು, ಎಲ್ಲರೂ ಹಾರಿಸುವುದೂ ಇದನ್ನೇ. ವ್ಯತ್ಯಾಸ ಕಂಡ ದಿನವೇ, ತಿದ್ದುಪಡಿಗೆ ಮೊದಲು, ಹಿಂದಿನ ಎಣಿಕೆಯಿಂದ ಈಚೆಗಿನ ಚೀಟಿಗಳನ್ನು ಕ್ರಮಸಂಖ್ಯೆಯಂತೆ ಜೋಡಿಸಿ. ಸಂಖ್ಯೆಯೊಂದು ಕಾಣೆಯಾಗಿದ್ದರೆ ಅಲ್ಲಿಂದಲೇ ಹುಡುಕಾಟ ಶುರು. ವ್ಯತ್ಯಾಸದ ಸಂಖ್ಯೆಯೂ ಸುಳಿವು ಕೊಡುತ್ತದೆ: ಸರಿಯಾಗಿ 12 ಅಥವಾ 24 ಕಡಿಮೆಯಿದ್ದರೆ ಪೆಟ್ಟಿಗೆ–ಬಿಡಿ ಗೊಂದಲ, 9ರಿಂದ ಭಾಗವಾಗುವ ವ್ಯತ್ಯಾಸವಿದ್ದರೆ 54ರ ಬದಲು 45 ಎಂದು ಅಂಕಿ ತಿರುಗಿರುವ ಸಾಧ್ಯತೆ, ಒಂದು ಸರಕಿನಲ್ಲಿ 3 ಕಡಿಮೆ, ಅದರಂತೆಯೇ ಕಾಣುವ ಇನ್ನೊಂದರಲ್ಲಿ 3 ಹೆಚ್ಚು ಎಂದಾದರೆ ತಪ್ಪು ಐಟಂನ ಬಿಲ್ಲು. ಕಂಪ್ಯೂಟರಿನಲ್ಲಿ ದಾಸ್ತಾನು ಋಣ ಸಂಖ್ಯೆಯಾಗಿ ತೋರಿದರೆ ಖರೀದಿ ನಮೂದಾಗುವ ಮೊದಲೇ ಮಾರಾಟ ನಮೂದಾಗಿದೆ ಅಥವಾ ಐಟಂ ತಪ್ಪಿದೆ ಎಂದರ್ಥ. ಟ್ಯಾಲಿಯಂತಹ ತಂತ್ರಾಂಶಗಳಲ್ಲಿ ಇದಕ್ಕೆ ಎಚ್ಚರಿಕೆ ನೀಡುವ ವ್ಯವಸ್ಥೆಯಿದ್ದು, ಅದನ್ನು ಬಂದ್ ಮಾಡಿಡಬೇಡಿ.

ಅಡಿಕೆ, ಕರಿಮೆಣಸಿನಂತಹ ಮಲೆನಾಡು ಉತ್ಪನ್ನಗಳ ವ್ಯಾಪಾರಿಗಳಿಗೆ ಒಣಗುವಿಕೆಯ ಲೆಕ್ಕ ತಿಳಿದಿರಬೇಕು. ಶೇ 13 ತೇವಾಂಶದ 1,000 ಕಿಲೋ ಕರಿಮೆಣಸು ಶೇ 10ಕ್ಕೆ ಒಣಗಿದರೆ ಎಷ್ಟು ಉಳಿಯುತ್ತದೆ? 970 ಎಂದು ಹೇಳುವವರೇ ಹೆಚ್ಚು. ಆದರೆ ಅದರಲ್ಲಿ ನೀರಲ್ಲದ ಭಾಗ 870 ಕಿಲೋ. ಅದು ಈಗ ಒಟ್ಟು ತೂಕದ ಶೇ 90 ಆಗಬೇಕಾದ್ದರಿಂದ ಉಳಿಯುವುದು ಸುಮಾರು 967 ಕಿಲೋ. ಖರೀದಿಯ ದಿನ ತೇವಾಂಶ ಅಳೆದು ಚೀಟಿಯಲ್ಲಿ ಬರೆದಿದ್ದರೆ ಈ 33 ಕಿಲೋ ಒಣಗಿ ಹೋದದ್ದೋ ಹೊತ್ತುಹೋದದ್ದೋ ಎಂದು ಹೇಳಬಹುದು, ಬರೆಯದಿದ್ದರೆ ಹೇಳಲಾಗದು. ಅಡಿಕೆಯಲ್ಲಿ ಇನ್ನೂ ಒಂದು ಸಂಗತಿ: ಆಯ್ಕೆ ಮಾಡಿದಾಗ ಒಂದೇ ರಾಶಿ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ದರ್ಜೆಗಳಾಗಿ ಒಡೆಯುತ್ತದೆ, ಹೊಸ ಚಾಲಿ ಕಾಲ ಕಳೆದಂತೆ ಹಳೆಯದಾಗಿ ದರ ಬೇರೆಯಾಗುತ್ತದೆ. ಪ್ರತಿ ಆಯ್ಕೆಯ ದಿನ ಒಳಹೋದ ತೂಕ, ಹೊರಬಂದ ಪ್ರತಿ ದರ್ಜೆಯ ತೂಕ ಮತ್ತು ಧೂಳು–ಸಿಪ್ಪೆಯ ತೂಕ ಬರೆದು ಮೊತ್ತ ಕೂಡಿಸಿ. ಎರಡು ಬದಿ ಸಮವಾಗದಿದ್ದರೆ ಅಂದೇ ವಿಚಾರಿಸಿ.

ಸಿಕ್ಕಿದ ಕಾರಣವನ್ನು ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ: ಸ್ವೀಕೃತಿ ತಪ್ಪು, ಬಿಲ್ಲಿನ ತಪ್ಪು, ಅಳತೆಯ ಪರಿವರ್ತನೆ, ಹಾಳು, ಒಣಗು, ಗೊತ್ತಾಗದ್ದು. ಮೂರು ತಿಂಗಳು ಬರೆದರೆ ನಿಮ್ಮ ಅಂಗಡಿಯ ತೂತು ಎಲ್ಲಿದೆ ಎಂಬುದು ಆ ಪುಟಗಳಲ್ಲೇ ಕಾಣುತ್ತದೆ. ‘ಗೊತ್ತಾಗದ್ದು’ ಎಂಬ ಸಾಲು ಒಬ್ಬರದೇ ಪಾಳಿಯಲ್ಲಿ, ಒಂದೇ ಸರಕಿನಲ್ಲಿ ಬೆಳೆಯುತ್ತಿದ್ದರೆ ಆಗ ಕಳವಿನ ಬಗ್ಗೆ ಯೋಚಿಸಬಹುದು. ಖರೀದಿಸುವವರು, ಗೋದಾಮಿನ ಕೀಲಿ ಇಟ್ಟುಕೊಳ್ಳುವವರು ಮತ್ತು ಪುಸ್ತಕ ಬರೆಯುವವರು ಒಬ್ಬರೇ ಆಗಿರಬಾರದು. ಮಂದಿ ಕಡಿಮೆಯಿದ್ದರೆ ಎಣಿಕೆಯನ್ನಾದರೂ ಮನೆಯ ಬೇರೆಯವರು ಮಾಡಲಿ.

ಹಂತ 8: ನಿಖರತೆಯನ್ನು ಅಳೆದು, ಖರೀದಿಗೆ ಬಳಸುವುದು

ತಿಂಗಳಲ್ಲಿ ಎಣಿಸಿದ ಸರಕುಗಳ ಪೈಕಿ ಎಷ್ಟು ಸರಿ ಬಂದವು ಎಂಬುದೇ ನಿಖರತೆಯ ಅಳತೆ. 60ರಲ್ಲಿ 51 ಸರಿಯಾದರೆ ಶೇ 85. ಎಣಿಸಬಹುದಾದ ವಸ್ತುವಿಗೆ ವಿನಾಯಿತಿ ಬೇಡ, ತೂಕದ ಸರಕಿಗೆ ಅರ್ಧ ಶೇಕಡಾದಂತಹ ಮಿತಿಯನ್ನು ಮೊದಲೇ ಗೊತ್ತುಪಡಿಸಿ. ಒಟ್ಟು ಮೌಲ್ಯ ನೋಡಿ ಸಮಾಧಾನಪಡಬೇಡಿ: ಸಕ್ಕರೆಯಲ್ಲಿ 4,000 ರೂಪಾಯಿ ಕೊರತೆ, ಬೇಳೆಯಲ್ಲಿ 4,000 ಹೆಚ್ಚುವರಿ ಬಂದಾಗ ಮೌಲ್ಯದ ವ್ಯತ್ಯಾಸ ಸೊನ್ನೆ, ಆದರೆ ತಪ್ಪು ಎರಡು.

ಈ ಅಂಕಿ ಸತತವಾಗಿ ಶೇ 95 ದಾಟಿದ ಮೇಲೆ ಮರುಖರೀದಿ ಮಟ್ಟವನ್ನು ನಿಗದಿಪಡಿಸಿ. ದಿನದ ಸರಾಸರಿ ಮಾರಾಟವನ್ನು ಸರಕು ತಲುಪಲು ಬೇಕಾದ ದಿನಗಳಿಂದ ಗುಣಿಸಿ, ಸ್ವಲ್ಪ ಮೀಸಲು ಕೂಡಿಸಬೇಕು. ದಿನಕ್ಕೆ 6 ಮೂಟೆ, ತಲುಪಲು 4 ದಿನ, ಮೀಸಲು 8 ಮೂಟೆ ಎಂದಾದರೆ 32 ಮೂಟೆಗೆ ಇಳಿದಾಗ ಫೋನು ಮಾಡಬೇಕು. ಮಳೆಗಾಲದಲ್ಲಿ ಲಾರಿ ತಡವಾಗುವುದರಿಂದ ಜೂನ್‌ಗೆ ಮುನ್ನ ಮೀಸಲನ್ನು ಹೆಚ್ಚಿಸಿ.

ತೆರಿಗೆಯ ಕಡೆಯಿಂದ ಗಮನಿಸಬೇಕಾದದ್ದು

ಜಿಎಸ್‌ಟಿ ನಿಯಮಾವಳಿಯ 56ನೇ ನಿಯಮದಂತೆ, ಕಾಂಪೊಸಿಷನ್ ಯೋಜನೆಯಲ್ಲಿರುವವರನ್ನು (ಒಟ್ಟು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳನ್ನು) ಬಿಟ್ಟು ಉಳಿದ ನೋಂದಾಯಿತ ವ್ಯಾಪಾರಿಗಳು ಆರಂಭದ ದಾಸ್ತಾನು, ಬಂದದ್ದು, ಹೋದದ್ದು, ಕಳೆದದ್ದು, ಕಳವಾದದ್ದು, ನಾಶವಾದದ್ದು, ಉಚಿತವಾಗಿ ಕೊಟ್ಟದ್ದು ಮತ್ತು ಉಳಿದದ್ದು ತೋರಿಸುವ ಲೆಕ್ಕ ಇಡಬೇಕು. ಕಳೆದುಹೋದ, ಕಳವಾದ, ನಾಶವಾದ, ಲೆಕ್ಕದಿಂದ ತೆಗೆದುಹಾಕಿದ ಹಾಗೂ ಉಡುಗೊರೆ ಅಥವಾ ಉಚಿತ ಮಾದರಿಯಾಗಿ ಕೊಟ್ಟ ಸರಕಿನ ಮೇಲೆ ಹೂಡುವಳಿ ತೆರಿಗೆಯ ಜಮೆ – ಅಂದರೆ ಖರೀದಿಯಲ್ಲಿ ತೆತ್ತ ತೆರಿಗೆಯನ್ನು ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳುವ ಸೌಲಭ್ಯ – ಕಾಯ್ದೆಯ 17(5)ನೇ ಸೆಕ್ಷನ್ ಪ್ರಕಾರ ದೊರೆಯುವುದಿಲ್ಲ. ಮೊದಲೇ ಪಡೆದಿದ್ದರೆ ಹಿಂತಿರುಗಿಸಬೇಕು. ಹಾಗಾಗಿ ಕೊರತೆಯ ತಿದ್ದುಪಡಿ ಮಾಡುವ ಪ್ರತಿ ತಿಂಗಳೂ ತಿದ್ದಿದ ಸರಕುಗಳ ಪಟ್ಟಿಯ ಒಂದು ಪ್ರತಿಯನ್ನು ಕಾರಣದೊಂದಿಗೆ ನಿಮ್ಮ ಲೆಕ್ಕಪರಿಶೋಧಕರಿಗೆ ಕಳುಹಿಸಿ. ‘ಸ್ವಂತ ಬಳಕೆ’ಯ ಸಾಲನ್ನೂ ಅದರಲ್ಲಿ ಸೇರಿಸಿ. ಚೀಟಿಗಳು, ಎಣಿಕೆ ಹಾಳೆಗಳು ಮತ್ತು ಕಾರಣದ ಪುಸ್ತಕವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಅಂತಿಮ ದಿನಾಂಕದಿಂದ 72 ತಿಂಗಳವರೆಗೆ ಇಡಬೇಕಾಗುತ್ತದೆ. ಗೋದಾಮಿನಲ್ಲಿ ಇಡುವುದಾದರೆ ಗೆದ್ದಲು ಹತ್ತದ ಕಬ್ಬಿಣದ ಪೆಟ್ಟಿಗೆಯಲ್ಲಿ, ವರ್ಷವನ್ನು ಹೊರಗೆ ಬರೆದು ಇಡಿ.